ಮುಖಕ್ಕೆ ಫಿಲ್ಲರ್: ಯಾವ ಜೆಲ್, ಯಾವ ಜಾಗ, ಯಾರ ಕೈ

ಮದುವೆಗೆ ಇನ್ನು ಮೂರು ವಾರ ಇತ್ತು. ಉಡುಪಿಯ ಅಂಬಲಪಾಡಿಯಲ್ಲಿರುವ ನನ್ನ ಅತ್ತಿಗೆ ಒಂದು ರಾತ್ರಿ ಫೋನ್ ಮಾಡಿದರು. ಮಗಳ ಸೀರೆ, ಹಾಲ್, ಅಡುಗೆಯವರ ವಿಷಯ ಎಲ್ಲ ಮುಗಿದ ಮೇಲೆ ದನಿ ಸ್ವಲ್ಪ ತಗ್ಗಿತು.

"ನೀನು ಸ್ಕಿನ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದವಳಲ್ವಾ, ಒಂದು ಕೇಳ್ಬೇಕಿತ್ತು. ಕೆನ್ನೆಗೆ ಫಿಲ್ಲರ್ ಹಾಕಿಸಿದ್ರೆ ತೊಂದರೆ ಎಂತಾದ್ರೂ ಉಂಟಾ? ಪಾರ್ಲರಿನವಳು ಹೇಳ್ತಾಳೆ, ಸೂಜಿಯೇ ಬೇಡ, ಪೆನ್ನಿನ ಹಾಗಿನ ಮೆಷಿನ್ ಉಂಟಂತೆ. ಹತ್ತು ನಿಮಿಷದ ಕೆಲಸವಂತೆ."

ಮುಖದ ತಗ್ಗು ತುಂಬಲು ಚರ್ಮದಡಿ ಹಾಕುವ ಜೆಲ್ಲಿನಂಥ ವಸ್ತುವೇ ಫಿಲ್ಲರ್. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವಳು. ಪೆನ್ನು ಎಂದ ಕೂಡಲೇ ಒಂದು ಮುಖ ಕಣ್ಣ ಮುಂದೆ ಬಂತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸಿನ ಹುಡುಗಿ. ಮಾಸ್ಕ್ ಹಾಕಿಕೊಂಡೇ ಒ.ಪಿ.ಡಿ.ಗೆ ಬಂದಿದ್ದಳು. ತೆಗೆದಾಗ ಮೇಲ್ತುಟಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಎರಡು ಗಂಟು. ಇಂಥದ್ದೇ ಪೆನ್ನಿನಲ್ಲಿ ಯಾವುದೋ ಪಾರ್ಲರಿನಲ್ಲಿ ಹಾಕಿಸಿಕೊಂಡಿದ್ದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಒಳಗೆ ಹಾಕಿದ್ದು ಯಾವುದು?" ಅವಳಿಗೆ ಗೊತ್ತಿರಲಿಲ್ಲ. ಬಾಕ್ಸ್ ನೋಡಿರಲಿಲ್ಲ, ಬಿಲ್ಲೂ ಇರಲಿಲ್ಲ. ಪಾರ್ಲರಿಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದಂತೆ.

ಏನು ಹಾಕಿದ್ದಾರೆಂದು ಗೊತ್ತಿದ್ದರೆ ದಾರಿ ಇರುತ್ತದೆ. ಗೊತ್ತಿಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಇಂಥ ಸೂಜಿಯಿಲ್ಲದ ಪೆನ್ನುಗಳಿಂದ ಫಿಲ್ಲರ್ ಹಾಕಿಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2021ರಲ್ಲೇ ಎಚ್ಚರಿಸಿದೆ. ಒತ್ತಡದಿಂದ ಚಿಮ್ಮುವ ಜೆಲ್ ಎಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆ ಎಂಬುದು ಹಿಡಿದವರ ಕೈಯಲ್ಲಿ ಇರುವುದಿಲ್ಲ.

ಅವತ್ತು ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ. ಫಿಲ್ಲರ್ ಬೇಡ ಎನ್ನುವವಳು ನಾನಲ್ಲ. ಚೆನ್ನಾಗಿ ಹಾಕಿದ್ದನ್ನು ನೋಡಿದ್ದೇನೆ. ಮೊಡವೆಯ ಗುಳಿಗಳಿಂದಾಗಿ ತಲೆ ಎತ್ತದೆ ಮಾತಾಡುತ್ತಿದ್ದ ಹುಡುಗ ಆಮೇಲೆ ನೇರ ನೋಡಿ ನಕ್ಕದ್ದನ್ನೂ ನೋಡಿದ್ದೇನೆ. ಆದರೆ ಎಲ್ಲರೂ ಕೇಳುವುದು "ಯಾವ ಕಂಪನಿಯದ್ದು ಒಳ್ಳೆಯದು?" ಎಂದು. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಉಂಟು: ಇದು ತಪ್ಪಿದರೆ ವಾಪಸ್ ತೆಗೆಯಲಿಕ್ಕೆ ಆಗುತ್ತದಾ?

ಮೊದಲು ಕನ್ನಡಿ

ಫಿಲ್ಲರ್ ಎಂದರೆ ತುಂಬುವ ವಸ್ತು. ಖಾಲಿಯಾದ ಜಾಗ ಇದ್ದರೆ ಮಾತ್ರ ಅದಕ್ಕೆ ಕೆಲಸ. ಹಾಗಾದರೆ ಮುಖದಲ್ಲಿ ಖಾಲಿಯಾಗುವುದು ಯಾವುದು?

ವಯಸ್ಸಾಗುವಾಗ ಹಳತಾಗುವುದು ಚರ್ಮ ಒಂದೇ ಅಲ್ಲ. ಚರ್ಮದ ಅಡಿಯಲ್ಲಿ ಕೊಬ್ಬಿನ ಸಣ್ಣ ಸಣ್ಣ ದಿಂಬುಗಳಿವೆ. ಕೆಲವು ಸೊರಗುತ್ತವೆ, ಕೆಲವು ಕೆಳಗೆ ಜಾರುತ್ತವೆ. ಅದಕ್ಕೂ ಅಡಿಯಲ್ಲಿ ಮೂಳೆ. ಕಣ್ಣಿನ ಗೂಡಿನ ಸುತ್ತ, ಮೇಲ್ದವಡೆಯಲ್ಲಿ, ಗದ್ದದಲ್ಲಿ ಮೂಳೆಯೂ ನಿಧಾನವಾಗಿ ಸವೆಯುತ್ತದೆ. ನಮ್ಮ ಹಳೆಯ ಹಂಚಿನ ಮನೆಗಳನ್ನು ನೋಡಿ. ಹಂಚನ್ನು ಹೊತ್ತ ಮರದ ಪಕ್ಕಾಸು ಕುಸಿದರೆ ಮಾಡು ತಗ್ಗುತ್ತದೆ. ಹಂಚು ಬದಲಾಯಿಸಿದರೆ ಮಾಡು ಮೇಲೆ ಬರುವುದಿಲ್ಲ.

ಮೂಗಿನ ಬದಿಯಿಂದ ಬಾಯಿಯ ತುದಿಗೆ ಇಳಿಯುವ ಗೆರೆ ಉಂಟಲ್ಲ, ಹೆಚ್ಚಿನವರು ಅದನ್ನೇ ತೋರಿಸಿ "ಇದನ್ನು ತುಂಬಿಸಿ" ಎನ್ನುತ್ತಾರೆ. ಡಾಕ್ಟರು ಕೆನ್ನೆಯ ಮೂಳೆಯ ಮೇಲೆ ಬೆರಳಿಟ್ಟು "ಇಲ್ಲಿಗೆ ಹಾಕೋಣ" ಎಂದರೆ ಅವರಿಗೆ ಅನುಮಾನ. ಆದರೆ ಪಕ್ಕಾಸು ಇರುವುದು ಅಲ್ಲಿ. ಕೆನ್ನೆಗೆ ಆಧಾರ ಸಿಕ್ಕಿದರೆ ಗೆರೆ ಎಷ್ಟೋ ಸಲ ತಾನಾಗಿ ತಿಳಿಯಾಗುತ್ತದೆ.

ಇನ್ನು ಬೋಟಾಕ್ಸ್. ಇದನ್ನೂ ಫಿಲ್ಲರನ್ನೂ ಒಂದೇ ಅಂದುಕೊಂಡವರು ಬಹಳ ಮಂದಿ. ಬೋಟಾಕ್ಸ್ ಏನನ್ನೂ ತುಂಬುವುದಿಲ್ಲ. ಅದು ಸ್ನಾಯುವನ್ನು ಕೆಲವು ತಿಂಗಳು ಸಡಿಲ ಮಾಡುತ್ತದೆ, ಅಷ್ಟೇ. ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ, ಕಣ್ಣು ಕಿರಿದು ಮಾಡಿ ನೋಡಿ. ಆಗ ಕಾಣಿಸಿ, ಮುಖ ಸಡಿಲ ಬಿಟ್ಟಾಗ ಮಾಯವಾಗುವ ಗೆರೆ ಸ್ನಾಯುವಿನದ್ದು. ಅದಕ್ಕೆ ಫಿಲ್ಲರ್ ಅಲ್ಲ. ಸುಮ್ನೆ ಕೂತಾಗಲೂ ಇರುವ ತಗ್ಗು ಫಿಲ್ಲರಿನ ಜಾಗ.

ಕಣ್ಣಿನ ಕೆಳಗಿನ ಕಪ್ಪಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಅದು ಎಷ್ಟೋ ಸಲ ಗುಳಿಯ ನೆರಳಲ್ಲ, ಚರ್ಮದ್ದೇ ಬಣ್ಣ. ಬೆಳಕು ನೇರ ಮುಖಕ್ಕೆ ಬೀಳುವ ಹಾಗೆ ಕಿಟಕಿಯ ಎದುರು ನಿಲ್ಲಿ. ಕಪ್ಪು ಕಡಿಮೆಯಾದರೆ ಅದು ನೆರಳು. ಹಾಗೇ ಉಳಿದರೆ ಬಣ್ಣ. ಬಣ್ಣಕ್ಕೆ ಜೆಲ್ ತುಂಬಿಸಿ ಪ್ರಯೋಜನ ಇಲ್ಲ. ಮುಖದ ಕಂದು ಕಲೆ, ಅಂದರೆ ಭಂಗು, ಇದ್ದರೂ ಇದೇ ಮಾತು. ನಮ್ಮ ಕಡಲ ಬದಿಯ ಬಿಸಿಲಿಗೆ ಕೆನ್ನೆಯಲ್ಲಿ ಭಂಗು ಬಂದವರು ಫಿಲ್ಲರ್ ಕೇಳಿಕೊಂಡು ಬರುವುದನ್ನು ಕಂಡಿದ್ದೇನೆ. ಅವರಿಗೆ ಬೇಕಾದ್ದು ದಿನಾ ಹಚ್ಚುವ ಸನ್‌ಸ್ಕ್ರೀನ್ ಮತ್ತು ಭಂಗಿನ ಚಿಕಿತ್ಸೆ.

ಗಂಟು ಹಾಕಿದ ನೂಲು

ಈಗ ಒಳಗೆ ಹಾಕುವ ವಸ್ತುಗಳ ವಿಷಯ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಬಳಸುವುದು ಹಯಾಲುರಾನಿಕ್ ಆಸಿಡ್. ಆಸಿಡ್ ಎಂಬ ಹೆಸರು ಕೇಳಿ ಹೆದರಬೇಡಿ. ಇದು ಸುಡುವ ಆಸಿಡ್ ಅಲ್ಲ, ಸಕ್ಕರೆಯ ಕಣಗಳು ಸಾಲಾಗಿ ಸೇರಿದ ಉದ್ದದ ಎಳೆ. ನಮ್ಮ ಮೈಯಲ್ಲೇ ಇದೆ. 70 ಕಿಲೋ ತೂಕದ ಒಬ್ಬರ ದೇಹದಲ್ಲಿ ಸುಮಾರು 15 ಗ್ರಾಂ, ಅದರಲ್ಲಿ ಅರ್ಧದಷ್ಟು ಚರ್ಮದಲ್ಲಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ದನದ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಮೊದಲು ಬೇರ್ಪಡಿಸಿದರು. ನೀರನ್ನು ಹಿಡಿದಿಟ್ಟುಕೊಳ್ಳುವುದು ಇದರ ದೊಡ್ಡ ಗುಣ. ಮನೆಯ ಹಿರಿಯರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದ್ದರೆ ಒಳಗೆ ಈ ಜೆಲ್ ಹಾಕಿದ್ದಿರಬಹುದು. ಮೊಣಕಾಲು ಸವೆದವರಿಗೆ ಕೊಡುವ ಜೆಲ್ಲಿನ ಇಂಜೆಕ್ಷನ್ನೂ ಇದೇ ವಸ್ತು.

ಮೈಯಲ್ಲೇ ಇರುವುದನ್ನು ಸಿರಿಂಜಿನಲ್ಲಿ ತುಂಬಿ ಕೆನ್ನೆಗೆ ಹಾಕಿದರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ದೇಹ ತನ್ನ ಹಯಾಲುರಾನಿಕ್ ಆಸಿಡನ್ನು ದಿನಾ ಒಡೆಯುತ್ತದೆ, ದಿನಾ ಹೊಸತು ಮಾಡುತ್ತದೆ. ಒಟ್ಟಿನಲ್ಲಿ ಮೂರನೇ ಒಂದು ಭಾಗ ದಿನಕ್ಕೆ ಬದಲಾಗುತ್ತದೆ. ಹಾಗೇ ಹಾಕಿದ್ದು ಕೆಲವೇ ದಿನಗಳಲ್ಲಿ ಮಾಯ.

ಮಲ್ಪೆ ಬಂದರಿಗೆ ಹೋದಾಗ ಬಲೆ ಸರಿಮಾಡುವವರು ಕೂತಿರುವುದನ್ನು ನೋಡಿರುತ್ತೀರಿ. ಬಿಡಿ ನೂಲಿನ ರಾಶಿಯಲ್ಲಿ ಮೀನು ನಿಲ್ಲುವುದಿಲ್ಲ. ಅದೇ ನೂಲಿಗೆ ಅಲ್ಲಲ್ಲಿ ಗಂಟು ಹಾಕಿದರೆ ಬಲೆ. ಫಿಲ್ಲರ್ ಮಾಡುವವರು ಮಾಡುವುದೂ ಇದನ್ನೇ. ಹೆಚ್ಚಿನ ಕಂಪನಿಗಳು ಬಿ.ಡಿ.ಡಿ.ಇ. ಎಂಬ ರಾಸಾಯನಿಕದಿಂದ ಈ ಎಳೆಗಳ ನಡುವೆ ಗಂಟು ಹಾಕುತ್ತವೆ. ಆಗ ನೀರಿನಂಥ ದ್ರವ ಜೆಲ್ ಆಗುತ್ತದೆ. ದೇಹಕ್ಕೆ ಅದನ್ನು ಬಿಡಿಸಲು ತಿಂಗಳುಗಳು ಬೇಕು.

ಗಂಟು ಎಷ್ಟು, ಎಳೆ ಎಷ್ಟು ಉದ್ದ, ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ, ಇದರ ಮೇಲೆ ಜೆಲ್ಲಿನ ಸ್ವಭಾವ ನಿಂತಿದೆ. ಹೆಚ್ಚಿನವುಗಳಲ್ಲಿ ಒಂದು ಮಿಲಿಲೀಟರಿಗೆ 15ರಿಂದ 25 ಮಿಲಿಗ್ರಾಂ ಇರುತ್ತದೆ. ಮನೆಯಲ್ಲಿ ಮಾಡುವ ಹಾಲುಬಾಯಿಯನ್ನೇ ತಗೊಳ್ಳಿ. ಚೆನ್ನಾಗಿ ಕಾಯಿಸಿದ್ದು ಬೆರಳಲ್ಲಿ ಒತ್ತಿದರೆ ತಗ್ಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ. ಬೇಗ ಇಳಿಸಿದ್ದು ಹರಡಿಕೊಳ್ಳುತ್ತದೆ. ಒತ್ತಿದರೂ ಆಕಾರ ಬಿಡದ ಈ ಗುಣಕ್ಕೆ ಡಾಕ್ಟರುಗಳು ಜಿ ಪ್ರೈಮ್ ಎನ್ನುತ್ತಾರೆ. ಫಿಲ್ಲರ್ ಆರಿಸುವ ಗುಟ್ಟು ಬಹುಪಾಲು ಇರುವುದು ಇಲ್ಲಿ.

ಕೆನ್ನೆಯ ಮೂಳೆಯ ಮೇಲೆ, ಗದ್ದಕ್ಕೆ, ದವಡೆಯ ಅಂಚಿಗೆ ಗಟ್ಟಿ ಜೆಲ್ ಬೇಕು. ಮೇಲಿನ ಭಾರ ಹೊತ್ತು ನಿಲ್ಲಬೇಕಲ್ಲ. ತುಟಿಗೆ ಮೆದು ಜೆಲ್. ತುಟಿ ದಿನವಿಡೀ ಅಲುಗಾಡುತ್ತದೆ. ಮಾತು, ಊಟ, ನಗು. ಅಲ್ಲಿ ಗಟ್ಟಿ ಜೆಲ್ ಹಾಕಿದರೆ ತುಟಿ ಮರದ ತುಂಡಿನ ಹಾಗೆ ಕಾಣುತ್ತದೆ. ಕಣ್ಣಿನ ಕೆಳಗೆ ಚರ್ಮ ತೀರಾ ತೆಳು. ಅಲ್ಲಿ ಮೆದುವಾಗಿದ್ದರೆ ಸಾಲದು, ನೀರು ಜಾಸ್ತಿ ಎಳೆದುಕೊಳ್ಳದ ಜೆಲ್ಲೇ ಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದಾಗ ಕಣ್ಣಿನಡಿ ಊದಿಕೊಂಡಿರುತ್ತದೆ. ತುಂಬ ಮೇಲ್ಮೇಲೆ ಹಾಕಿದರೆ ಇನ್ನೊಂದು ತೊಂದರೆ. ಜೆಲ್ಲಿನ ಮೇಲೆ ಬಿದ್ದ ಬೆಳಕು ಚದುರಿ ಚರ್ಮ ನೀಲಿಯಾಗಿ ಕಾಣುತ್ತದೆ. ಆಕಾಶದ ನೀಲಿಗೂ ಕಾರಣ ಬೆಳಕು ಚದುರುವುದೇ. ಆದರೆ ಕಣ್ಣಿನಡಿ ಅದನ್ನು ಯಾರೂ ಬಯಸುವುದಿಲ್ಲ.

ಹಾಗಾಗಿ "ರೆಸ್ಟಿಲೇನ್ ಹಾಕಿಸಿದೆ", "ಜುವೆಡರ್ಮ್ ಹಾಕಿಸಿದೆ" ಎಂದು ಬ್ರಾಂಡಿನ ಹೆಸರು ಹೇಳಿದರೆ ಅರ್ಧ ಉತ್ತರ. ರೆಸ್ಟಿಲೇನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರ ಕೊನೆಗೆ, ಜುವೆಡರ್ಮಿಗೆ 2006ರಲ್ಲಿ. ಇವತ್ತು ಅವೆರಡೂ ಒಂದೊಂದು ಕುಟುಂಬದ ಹೆಸರು. ಒಂದೇ ಹೆಸರಿನಡಿ ತುಟಿಗೊಂದು, ಕೆನ್ನೆಗೊಂದು ಬೇರೆ ಬೇರೆ ಜೆಲ್. "ಆ ಕುಟುಂಬದಲ್ಲಿ ಯಾವುದು, ಅದನ್ನೇ ಈ ಜಾಗಕ್ಕೆ ಯಾಕೆ ಆರಿಸಿದಿರಿ?" ಎಂದು ಧೈರ್ಯವಾಗಿ ಕೇಳಿ. ಕೆಲಸ ಗೊತ್ತಿರುವ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ನನ್ನ ಅನುಭವದಲ್ಲಿ ಅವರು ಖುಷಿಯಿಂದ ವಿವರಿಸುತ್ತಾರೆ.

ಉಡುಪಿಯ ಕಡೆಯವರು ಮೆಲ್ಲಗೆ ಕೇಳುವ ಇನ್ನೊಂದು ಪ್ರಶ್ನೆ ಉಂಟು, "ಸಿಸ್ಟರ್, ಇದು ಪ್ರಾಣಿಯಿಂದ ಮಾಡುವುದಾ?" ಮೊದಲು ಹಯಾಲುರಾನಿಕ್ ಆಸಿಡನ್ನು ಕೋಳಿಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಫಿಲ್ಲರಿಗೆ ಬಳಸುವುದು ಬ್ಯಾಕ್ಟೀರಿಯಾ ಬೆಳೆಸಿ ಹುದುಗಿಸಿ ತಯಾರಿಸಿದ್ದು. ಹಾಗಾಗಿ ಸಸ್ಯಾಹಾರಿಗಳು ಚಿಂತೆ ಮಾಡಬೇಕಾಗಿಲ್ಲ. ಆದರೆ ಎಲ್ಲ ಫಿಲ್ಲರುಗಳ ಕತೆಯೂ ಹೀಗಲ್ಲ. ಮುಂದೆ ಹೇಳುತ್ತೇನೆ.

ಎಷ್ಟು ದಿನ ಇರುತ್ತದೆ? ತುಟಿಯಲ್ಲಿ ಆರು ತಿಂಗಳಿಂದ ವರ್ಷ. ಕೆನ್ನೆಯ ಗಟ್ಟಿ ಜೆಲ್ ವರ್ಷದಿಂದ ಎರಡು ವರ್ಷ. ಇದು ಕಣ್ಣಿಗೆ ಕಾಣುವ ಪರಿಣಾಮದ ಲೆಕ್ಕ. ಎಂ.ಆರ್.ಐ. ಮಾಡಿ ನೋಡಿದಾಗ ಹಲವು ವರ್ಷಗಳ ಹಿಂದೆ ಹಾಕಿದ ಜೆಲ್ ಒಳಗೆ ಉಳಿದಿರುವುದು ಕಂಡಿದೆ. ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು ಎನ್ನುವವರ ಮಾತಿಗೆ ತಲೆಯಾಡಿಸುವ ಮೊದಲು ಇದು ನೆನಪಿರಲಿ. ಹಳೆಯದರ ಮೇಲೆ ಹೊಸತು ಸೇರುತ್ತಾ ಹೋದರೆ ಮುಖ ದಿಂಬಿನ ಹಾಗಾಗುತ್ತದೆ.

ಹಯಾಲುರಾನಿಕ್ ಆಸಿಡ್ ಇರುವ ಸೀರಮ್ ಹಚ್ಚಿದರೆ ಸಾಲದೇ ಎಂದೂ ಕೇಳುತ್ತಾರೆ. ಹಚ್ಚಿದ್ದು ಮೇಲ್ಪದರಕ್ಕೆ ತೇವ ಕೊಡುತ್ತದೆ, ಒಳ್ಳೆಯದೇ. ತಗ್ಗು ತುಂಬುವುದಿಲ್ಲ.

ಇಷ್ಟೆಲ್ಲ ಇದ್ದರೂ ಈ ಜೆಲ್ಲನ್ನು ನಾನು ಮೊದಲ ಸಲದವರಿಗೆ ಹೇಳುವುದಕ್ಕೆ ಕಾರಣ ಒಂದೇ. ಇದನ್ನು ಕರಗಿಸಬಹುದು. ಹಯಾಲುರಾನಿಡೇಸ್ ಎಂಬ ಕಿಣ್ವ ಇದೆ. ಇಂಜೆಕ್ಷನ್ನಿನಲ್ಲಿ ಕೊಟ್ಟರೆ ಬಲೆಯ ನೂಲನ್ನೇ ಕತ್ತರಿಸುತ್ತದೆ. ಗಂಟಾಯಿತು, ಜಾಸ್ತಿಯಾಯಿತು, ಇಷ್ಟವಾಗಲಿಲ್ಲ, ಕೊನೆಗೆ ರಕ್ತನಾಳವೇ ಕಟ್ಟಿಕೊಂಡಿತು, ಎಲ್ಲದಕ್ಕೂ ಒಂದು ದಾರಿ ಉಳಿಯುತ್ತದೆ. ಬೇರೆ ಯಾವ ಫಿಲ್ಲರಿಗೂ ಇಂಥ ಮದ್ದು ಇಲ್ಲ.

ಉಳಿದವು

ಎರಡನೆಯದು ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್. ಹೆಸರು ಉದ್ದ, ಆದರೆ ವಸ್ತು ನಮ್ಮ ಮೂಳೆ ಮತ್ತು ಹಲ್ಲಿನಲ್ಲಿರುವ ಖನಿಜವೇ. ರೇಡಿಯೆಸ್ ಎಂಬುದು ಇದರ ಹೆಸರಾಂತ ಬ್ರಾಂಡ್, 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳನ್ನು ಜೆಲ್ಲಿನಲ್ಲಿ ಬೆರೆಸಿರುತ್ತಾರೆ. ಮೊದಲು ಜೆಲ್ ಜಾಗ ತುಂಬುತ್ತದೆ. ಕೆಲವು ತಿಂಗಳಲ್ಲಿ ಜೆಲ್ ಹೋಗಿ, ಗುಂಡುಗಳ ಸುತ್ತ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್, ನಮ್ಮದೇ ಕೊಲಾಜನ್, ಬೆಳೆಯುತ್ತದೆ. ವರ್ಷ, ಒಂದೂವರೆ ವರ್ಷ ನಿಲ್ಲುತ್ತದೆ. ದವಡೆ, ಕೆನ್ನೆ, ಕೈಯ ಹಿಂಬದಿಗೆ ಒಳ್ಳೆಯದು. ತುಟಿಗೆ ಮತ್ತು ಕಣ್ಣಿನಡಿಗೆ ಬೇಡ, ಅಲ್ಲಿ ಗಂಟುಗಳಾಗುತ್ತವೆ.

ಮೂರನೆಯದು ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್, ಸ್ಕಲ್ಪ್‌ಟ್ರಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಆಪರೇಷನ್ ಆದ ಮೇಲೆ ತಾನಾಗಿ ಕರಗುವ ಹೊಲಿಗೆಯ ದಾರ ಗೊತ್ತಲ್ಲ, ಅದೇ ಜಾತಿಯ ವಸ್ತು. 2004ರಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಎಚ್.ಐ.ವಿ. ಇದ್ದು ಕೆನ್ನೆಯ ಕೊಬ್ಬು ಕರಗಿದವರಿಗಾಗಿ. ಸೌಂದರ್ಯಕ್ಕಾಗಿ ಅನುಮತಿ ಬಂದದ್ದು 2009ರಲ್ಲಿ. ಇದು ನೇರವಾಗಿ ತುಂಬುವುದಿಲ್ಲ. ಅಡಿಕೆ ಮರದ ಬುಡಕ್ಕೆ ಸೊಪ್ಪು ಗೊಬ್ಬರ ಹಾಕಿದ ಹಾಗೆ. ಹಾಕಿದ ದಿನ ಏನೂ ಕಾಣುವುದಿಲ್ಲ, ಫಲ ಆಮೇಲೆ. ಹಾಕಿದ ದಿನ ಮುಖ ತುಂಬಿದ ಹಾಗೆ ಕಂಡರೂ ಅದು ನೀರಿನ ಊತ. ಅದು ಇಳಿದಾಗ "ಎಂತದೂ ಆಗ್ಲಿಲ್ಲ ಸಿಸ್ಟರ್" ಎಂದು ಬೇಸರ ಮಾಡಿಕೊಂಡವರಿದ್ದಾರೆ. ವಾರಗಟ್ಟಲೆ ಅಂತರದಲ್ಲಿ ಎರಡು ಮೂರು ಸಲ ಹಾಕಿಸಬೇಕು. ಫಲ ಎರಡು ವರ್ಷದವರೆಗೂ ಇರುತ್ತದೆ. ಹಾಕಿಸಿದ ಮೇಲೆ ಐದು ದಿನ, ದಿನಕ್ಕೆ ಐದು ಸಲ, ಐದು ನಿಮಿಷ ಮುಖ ನೀವಬೇಕು. ನೆನಪಿಡಿ, ಇದು ಈ ಜಾತಿಗೆ ಮಾತ್ರ. ಹಯಾಲುರಾನಿಕ್ ಜೆಲ್ ಹಾಕಿಸಿದವರು ಡಾಕ್ಟರು ಹೇಳದೆ ತಾವಾಗಿ ನೀವಬಾರದು.

ಪಿ.ಎಂ.ಎಂ.ಎ. ಎಂಬುದು ಶಾಶ್ವತ. ಸಣ್ಣ ಪ್ಲಾಸ್ಟಿಕ್ ಗುಂಡುಗಳು ಒಳಗೆ ಸದಾ ಇರುತ್ತವೆ. ಬೆಲ್ಲಾಫಿಲ್ ಎಂಬ ಬ್ರಾಂಡಿನಲ್ಲಿ ಆ ಗುಂಡುಗಳನ್ನು ಬೆರೆಸಿರುವುದು ದನದ ಕೊಲಾಜನ್ನಿನಲ್ಲಿ. ಅದಕ್ಕೇ ಮೇಲೆ ಹೇಳಿದೆ, ಎಲ್ಲವೂ ಒಂದೇ ಅಲ್ಲ ಎಂದು. ಅಲರ್ಜಿ ಇದೆಯಾ ಎಂದು ಮೊದಲು ಕೈಗೆ ಚುಚ್ಚಿ ವಾರಗಟ್ಟಲೆ ಕಾದು ನೋಡಬೇಕು. ಕೆನ್ನೆಯ ಆಳವಾದ ಮೊಡವೆ ಗುಳಿಗಳಿಗೆ ಇದರ ಉಪಯೋಗ ಇದೆ. ಆದರೆ ಸುಕ್ಕಿಗೆ, ಅದೂ ಮೊದಲ ಸಲ, ಶಾಶ್ವತವಾದದ್ದು ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮುಖ ಪ್ರತಿವರ್ಷ ಬದಲಾಗುತ್ತದೆ. ಒಳಗಿನ ಗುಂಡು ಬದಲಾಗುವುದಿಲ್ಲ. ಐವತ್ತಕ್ಕೆ ಸರಿಯಾಗಿದ್ದದ್ದು ಅರವತ್ತೈದಕ್ಕೆ ಎದ್ದು ಕಾಣಬಹುದು. ತೆಗೆಯಬೇಕಾದರೆ ಕೊಯ್ಯಬೇಕು.

ಅಗ್ಗದಲ್ಲಿ "ಲಿಕ್ವಿಡ್ ಸಿಲಿಕೋನ್" ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮುಖದ ಸೌಂದರ್ಯಕ್ಕೆ ಅದಕ್ಕೆ ಎಫ್.ಡಿ.ಎ. ಅನುಮತಿಯೇ ಇಲ್ಲ.

ನಮ್ಮದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ಮುಖಕ್ಕೆ ಹಾಕುವುದೂ ಉಂಟು. ಇದು ಎಲ್ಲಕ್ಕಿಂತ ಹಳೆಯದು, 1893ರಲ್ಲೇ ಜರ್ಮನಿಯ ಒಬ್ಬ ಡಾಕ್ಟರು ಮಾಡಿದ್ದರು. ಪ್ಲಾಸ್ಟಿಕ್ ಸರ್ಜನ್ ಮಾಡಬೇಕಾದ ಕೆಲಸ. ಹಾಕಿದ್ದರಲ್ಲಿ ಎಷ್ಟು ಬದುಕಿ ಉಳಿಯುತ್ತದೆಂದು ಮೊದಲೇ ಹೇಳಲಾಗುವುದಿಲ್ಲ.

ರಕ್ತನಾಳದ ವಿಷಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅತ್ತಿಗೆಗೆ ಫೋನಿನಲ್ಲಿ ಎರಡು ಸಲ ಹೇಳಿದ್ದು ಇದನ್ನೇ.

ಊತ, ನೋವು, ನೀಲಿ ಕಲೆ ಇವೆಲ್ಲ ಒಂದೆರಡು ವಾರದಲ್ಲಿ ಹೋಗುತ್ತವೆ. ಹೆದರಬೇಕಾದ್ದು ಅವಕ್ಕಲ್ಲ. ಜೆಲ್ ರಕ್ತನಾಳದ ಒಳಗೆ ಹೋಗುವುದು ಅಪರೂಪ, ಆದರೆ ಹೋದರೆ ದೊಡ್ಡದು. ದವಡೆಯ ಅಂಚನ್ನು ದಾಟಿ ಬರುವ ಮುಖದ ಅಪಧಮನಿ ಬಾಯಿಯ ತುದಿಯ ಹತ್ತಿರ ಸುತ್ತಿ, ಮೂಗಿನ ಬದಿಯಿಂದ ಮೇಲೇರುತ್ತದೆ. ಅಲ್ಲಿ ಅದರ ಕವಲುಗಳು ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳ ಜೊತೆ ಸೇರುತ್ತವೆ. ಸೂಜಿಯ ತುದಿ ನಾಳದೊಳಗಿದ್ದು, ಜೋರಾಗಿ ಒತ್ತಿದರೆ ಜೆಲ್ ರಕ್ತದ ದಾರಿಗೆ ಎದುರಾಗಿ ಹಿಂದಕ್ಕೆ ನುಗ್ಗಿ ಕಣ್ಣಿನವರೆಗೆ ತಲುಪಬಹುದು. ಹುಬ್ಬುಗಳ ನಡುವೆ, ಮೂಗು, ಹಣೆ ಇವು ಹೆಚ್ಚು ಅಪಾಯದ ಜಾಗಗಳು. ಕಣ್ಣಿನ ನರಪದರ ರಕ್ತ ಇಲ್ಲದೆ ತಾಳುವುದು ಗಂಟೆ ಎರಡು ಗಂಟೆಯ ಲೆಕ್ಕದಲ್ಲಿ. ಹೋದ ದೃಷ್ಟಿ ಹೆಚ್ಚಿನ ಸಲ ಮರಳುವುದಿಲ್ಲ.

ಇದನ್ನು ತಪ್ಪಿಸಲು ಅನುಭವಸ್ಥರು ಅಲ್ಪಸ್ವಲ್ಪವಾಗಿ, ಮೆಲ್ಲಮೆಲ್ಲಗೆ ಹಾಕುತ್ತಾರೆ. ಕೆಲವು ಜಾಗಗಳಲ್ಲಿ ಚೂಪು ಸೂಜಿಯ ಬದಲು ಮೊಂಡು ತುದಿಯ ಸಣ್ಣ ಕೊಳವೆ, ಕ್ಯಾನುಲಾ, ಬಳಸುತ್ತಾರೆ. ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕೊನೆಗೆ ಉಳಿಯುವುದು ಎದುರಿಗಿರುವವರು ಯಾರು ಎಂಬ ಪ್ರಶ್ನೆ. ಅವರಿಗೆ ಗುರುತು ಸಿಗುತ್ತದಾ? ಹಯಾಲುರಾನಿಡೇಸ್ ಆ ಕ್ಲಿನಿಕ್ಕಿನ ಕಪಾಟಿನಲ್ಲೇ ಇದೆಯಾ? "ಬೇಕಾದ್ರೆ ತರಿಸ್ತೇವೆ" ಎಂಬ ಉತ್ತರ ಸಾಲದು. ಭಾನುವಾರ ಸಂಜೆ ಮೆಡಿಕಲ್ ಶಾಪ್ ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ಗುರುತುಗಳನ್ನು ನೀವೂ ತಿಳಿದಿರಬೇಕು. ಹಾಕಿದ ಜಾಗ ಬಿಳಿಚುವುದು. ನೋವು ಕಡಿಮೆಯಾಗುವ ಬದಲು ಏರುತ್ತಾ ಹೋಗುವುದು. ಚರ್ಮದ ಮೇಲೆ ಬಲೆ ಹಾಸಿದ ಹಾಗೆ ನೀಲಿ ಕೆಂಪು ಗೆರೆಗಳು. ಕಣ್ಣು ಮಬ್ಬಾಗುವುದು. ನಮ್ಮ ಬಣ್ಣದಲ್ಲಿ ಬಿಳಿಚಿದ್ದು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೆ ಬೆರಳಲ್ಲಿ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮುಖದ ಇನ್ನೊಂದು ಬದಿಯ ಜೊತೆ ಹೋಲಿಸಿ ನೋಡಿ. ತಡವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಹಾಕಿದವರಿಗೆ ಆ ಕೂಡಲೇ ಫೋನ್ ಮಾಡಿ. ದೃಷ್ಟಿಯ ತೊಂದರೆಯಾದರೆ ಕಣ್ಣಿನ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ.

ಇದೇ ಕಾರಣಕ್ಕೆ ಬೆಂಗಳೂರಿನಲ್ಲಿ ಹಾಕಿಸಿ ಅದೇ ರಾತ್ರಿ ಬಸ್ ಹತ್ತುವುದು ನನಗೆ ಸರಿ ಕಾಣುವುದಿಲ್ಲ. ಶಿರಾಡಿ ಘಾಟಿಯ ನಡುವೆ ತುಟಿ ಬಿಳಿಚಿದರೆ ಮಾಡುವುದೇನು? ದುಬೈಯಲ್ಲಿ ಹಾಕಿಸಿ ಮರುದಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೂ ಇದೇ ಮಾತು. ಮನೆಯ ಹತ್ತಿರ, ವಾಪಸ್ ಹೋಗಿ ತೋರಿಸಲು ಸಾಧ್ಯವಾಗುವಲ್ಲಿ ಹಾಕಿಸಿ.

ನಮ್ಮ ಜಿಲ್ಲೆಗಳಲ್ಲಿ ಅದಕ್ಕೆ ಕೊರತೆ ಇಲ್ಲ. ಮಣಿಪಾಲ ಮತ್ತು ಮಂಗಳೂರಿನ ಕೆ.ಎಂ.ಸಿ., ಕಂಕನಾಡಿಯ ಫಾದರ್ ಮುಲ್ಲರ್ ಹೀಗೆ ಚರ್ಮರೋಗ ವಿಭಾಗ ಇರುವ ವೈದ್ಯಕೀಯ ಕಾಲೇಜುಗಳೇ ಹಲವು. ಹಾಕಿಸುವುದು ಖಾಸಗಿ ಕ್ಲಿನಿಕ್ಕಿನಲ್ಲಾದರೂ, ಮೊದಲು ಇಂಥ ಒ.ಪಿ.ಡಿ.ಯಲ್ಲಿ ಒಂದು ಅಭಿಪ್ರಾಯ ಕೇಳಿ ಬರಬಹುದು. ಬೋರ್ಡಿನಲ್ಲಿ "ಕಾಸ್ಮೆಟಾಲಜಿಸ್ಟ್" ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಇದೆಯಾ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಇದೆಯಾ ನೋಡಿ. ಖಾಸಗಿ ಕ್ಲಿನಿಕ್ಕುಗಳು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆ.ಪಿ.ಎಂ.ಇ.) ಕಾಯ್ದೆಯಡಿ ನೋಂದಣಿ ಮಾಡಿಸಿ, ಆ ಸರ್ಟಿಫಿಕೇಟನ್ನು ಎದುರಿಗೆ ಕಾಣುವ ಹಾಗೆ ಹಾಕಿರಬೇಕು. ಗೋಡೆ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ.

ಸಿರಿಂಜಿನ ಲೆಕ್ಕ

ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ಮಿಲಿಲೀಟರ್. ಒಂದು ಟೀ ಚಮಚದ ಐದನೇ ಒಂದು ಭಾಗ. ತುಟಿಗೆ ಒಂದು ಸಾಕು, ಎಷ್ಟೋ ಸಲ ಅರ್ಧವೂ ಸಾಕು. ಎರಡು ಕೆನ್ನೆಗೆ ಎರಡು ಬೇಕಾಗಬಹುದು. ದರ ಸಿರಿಂಜಿನ ಲೆಕ್ಕದಲ್ಲಿ, ಒಂದಕ್ಕೆ ಸಾವಿರಾರು ರೂಪಾಯಿ. ಅದಕ್ಕೇ ಕೆಲವರು ಗೆಳತಿಯ ಜೊತೆ ಒಂದು ಸಿರಿಂಜ್ ಹಂಚಿಕೊಳ್ಳುತ್ತೇವೆ ಎನ್ನುತ್ತಾರೆ. ದಯವಿಟ್ಟು ಬೇಡ. ಒಬ್ಬರ ರಕ್ತ ತಾಗಿದ್ದು ಇನ್ನೊಬ್ಬರಿಗೆ ಹೋಗಬಾರದು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ತಿಂಗಳ ನಂತರ ಹಾಕುವುದೂ ಸರಿಯಲ್ಲ.

ಬಾಕ್ಸ್ ನಿಮ್ಮ ಎದುರೇ ಸೀಲ್ ಒಡೆಯಲಿ. ನಮ್ಮ ದೇಶದಲ್ಲಿ ಫಿಲ್ಲರ್ ವೈದ್ಯಕೀಯ ಸಾಧನಗಳ ಕಾನೂನಿನಡಿ ಬರುತ್ತದೆ. ಹೊರದೇಶದಿಂದ ತಂದದ್ದಾದರೆ ತರಿಸಿದವರ ಹೆಸರು, ವಿಳಾಸ ಬಾಕ್ಸಿನ ಮೇಲೆ ಇರಬೇಕು. ಅವಧಿ ಮುಗಿಯುವ ದಿನಾಂಕ ನೋಡಿ. ಹೆಚ್ಚಿನ ಜೆಲ್ಲುಗಳನ್ನು 25 ಡಿಗ್ರಿ ಮೀರದ ಹಾಗೆ ಇಡಬೇಕು. ಏಪ್ರಿಲಿನಲ್ಲಿ ಮಂಗಳೂರಿನ ಸೆಖೆ ನಿಮಗೆ ಗೊತ್ತೇ ಇದೆ. ಕೊರಿಯರ್ ವ್ಯಾನಿನಲ್ಲಿ ಎರಡು ದಿನ ಕುದ್ದು ಬಂದ ಆನ್‌ಲೈನ್ ಜೆಲ್ಲಿನ ಸ್ಥಿತಿ ಯೋಚಿಸಿ. ಒಳ್ಳೆಯ ಕಂಪನಿಗಳ ಬಾಕ್ಸಿನೊಳಗೆ ಯಾವ ತಂಡದಲ್ಲಿ ತಯಾರಾದದ್ದು ಎಂದು ತಿಳಿಸುವ ಲಾಟ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಒಂದನ್ನು ಕೇಳಿ ತಗೊಳ್ಳಿ. ಕೊಡದಿದ್ದರೆ ಫೋನಿನಲ್ಲಿ ಫೋಟೋ ತೆಗೆಯಿರಿ. ಆ ಹುಡುಗಿಯ ಹತ್ತಿರ ಈ ಒಂದು ಚೂರು ಕಾಗದ ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು!

ಹಾಕಿಸಲೇಬಾರದ ಸಮಯವೂ ಉಂಟು. ಬಸುರಿಯರು, ಎದೆಹಾಲು ಕೊಡುವವರು ಕಾಯಲಿ. ಆ ಜಾಗದಲ್ಲಿ ಕೀವಿನ ಮೊಡವೆ, ಸೋಂಕು ಇದ್ದರೆ ವಾಸಿಯಾಗಲಿ. ತುಟಿಯ ಬದಿಯಲ್ಲಿ ಆಗಾಗ ನೀರುಗುಳ್ಳೆ ಏಳುವವರು ಮೊದಲೇ ಹೇಳಬೇಕು, ಸೂಜಿಯಿಂದ ಅದು ಮತ್ತೆ ಏಳಬಹುದು. ಅದಕ್ಕೆ ಮುಂಚೆ ಮಾತ್ರೆ ಕೊಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಹೃದಯದ ಡಾಕ್ಟರನ್ನು ಕೇಳಬೇಕು. ಹಲ್ಲು ಕೀಳಿಸುವುದು, ಕ್ಲೀನ್ ಮಾಡಿಸುವುದು ಇದ್ದರೆ ಫಿಲ್ಲರಿಗೂ ಅದಕ್ಕೂ ನಡುವೆ ಎರಡು ವಾರ ಬಿಡಿ. ಎಳೆಯರು ತುಟಿಗೆ ಕೇಳಿಕೊಂಡು ಬರುವುದು ಈಗ ಜಾಸ್ತಿ. ಅಮೆರಿಕದಲ್ಲಿ ಎಫ್.ಡಿ.ಎ. ಫಿಲ್ಲರಿಗೆ ಅನುಮತಿ ಕೊಟ್ಟಿರುವುದು 22 ವರ್ಷ ತುಂಬಿದವರಿಗೆ ಎಂದು ಅವರ ತಾಯಂದಿರಿಗೆ ನಾನು ಹೇಳುತ್ತಿದ್ದೆ.

ಇನ್ನು ಮದುವೆ. ಮೂರು ವಾರ ಸಾಲದು ಎಂದು ಅತ್ತಿಗೆಗೆ ಹೇಳಿದೆ. ಊತ ಇಳಿದು, ನೀಲಿ ಹೋಗಿ, ಜೆಲ್ ಕೂತು, ಬೇಕಾದರೆ ಸ್ವಲ್ಪ ತಿದ್ದಿಸಲು ಕನಿಷ್ಠ ಒಂದು ತಿಂಗಳಾದರೂ ಕೈಯಲ್ಲಿರಬೇಕು. "ಹಾಗಾದ್ರೆ ಫೋಟೋದಲ್ಲಿ ನಾನು ಹೀಗೇ ಇರ್ಬೇಕಾ?" ಎಂದರು. "ನೀವು ಹೀಗೇ ಚಂದ ಇದ್ದೀರಿ ಅತ್ತಿಗೆ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಅವರು ಕಾದರು. ಮಳೆಗಾಲದ ಆಟಿ ತಿಂಗಳು ಬಂತು. ಆಟಿಯಲ್ಲಿ ಮದುವೆ ಮುಂಜಿ ಇಲ್ಲ, ಮುಖ ಊದಿದರೂ ಹೋಗಲೇಬೇಕಾದ ಮನೆ ಇಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಒಬ್ಬ ಚರ್ಮರೋಗ ತಜ್ಞರ ಹತ್ತಿರ ಹೋದರು. ಅವರು ಮೊದಲ ದಿನ ಸೂಜಿ ಹಿಡಿಯಲೇ ಇಲ್ಲ. ಕಣ್ಣಿನಡಿಯ ಕಪ್ಪು ಬಣ್ಣದ್ದು, ಅದಕ್ಕೆ ಕ್ರೀಮು ಸಾಕು ಎಂದರು. ಕೆನ್ನೆಗೆ ಬೇಕಾದರೆ ಕರಗಿಸಬಹುದಾದ ಜೆಲ್ ಒಂದೊಂದು ಬದಿಗೆ ಅರ್ಧರ್ಧ ಹಾಕೋಣ, ಎರಡು ವಾರ ಬಿಟ್ಟು ನೋಡೋಣ, ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸೋಣ ಎಂದರು. ಹಾಗೇ ಆಯಿತು. ಅರ್ಧವೇ ಸಾಕಾಯಿತು.

ಹಾಕಿಸಿಕೊಂಡ ದಿನ ಸಂಜೆ ಜೋರು ಮಳೆ. ಅತ್ತಿಗೆಯ ಫೋನ್ ಬಂತು. "ಸ್ಟಿಕ್ಕರ್ ಕೇಳಿ ತಗೊಂಡು ಬಂದಿದ್ದೇನೆ. ಮಗಳ ಪೋಲಿಯೋ ಕಾರ್ಡು ಇಟ್ಟಿದ್ದೆ ಅಲ್ವಾ, ಅದೇ ಫೈಲಿನಲ್ಲಿ ಅಂಟಿಸಿದ್ದೇನೆ. ಆದ್ರೂ ನೀನೊಮ್ಮೆ ಬರ್ಕೋ. ನಾನು ಎಲ್ಲಿಯಾದ್ರೂ ಕಳ್ಕೊಂಡ್ರೆ?" ಎಂದು ಲಾಟ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದತೊಡಗಿದರು. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ.